ಒಂದು ತೆಗೀಲಾ?

ಮೈಕ್ ಮಾಮ ತಮ್ಮ ಜೀವಮಾನದಲ್ಲಿ ಎಷ್ಟು ಸಲ ವಿಷಾದ ವ್ಯಕ್ತಪಡಿಸಿದ್ದಾರೆಂದು ಯಾರಾದರೂ ಲೆಕ್ಕ ಹಾಕಲು ಕೂತರೆ, ಊರಿನಲ್ಲಿ ಅವರಷ್ಟು ವಿನಯವಂತ ಮನುಷ್ಯ ಇನ್ನೊಬ್ಬನಿಲ್ಲ ಎಂದೇ ತೀರ್ಮಾನಿಸಬೇಕಾಗುತ್ತದೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ನಿವೃತ್ತರಾಗುವವರೆಗೂ ಅವರು ದಿನವಿಡೀ ಹೇಳುತ್ತಿದ್ದದ್ದು ಅದನ್ನೇ. “ಪ್ರಯಾಣಿಕರ ಗಮನಕ್ಕೆ. ನಾಲ್ಕನೇ ಅಂಕಣಕ್ಕೆ ಬರಬೇಕಾಗಿದ್ದ ಬಸ್ಸು ತಡವಾಗಿ ಬರಲಿದೆ. ಉಂಟಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ.” ಇಷ್ಟು ಹೇಳಿ, ಗುಂಡಿ ಒತ್ತಿ ಮೈಕು ಆರಿಸಿ, ಚಹಾ ಹೀರುತ್ತಿದ್ದರು. ಬಸ್ಸು ಕೆಡಿಸಿದವರು ಯಾರೋ, ಬಿಸಿಲಲ್ಲಿ ಕಾದವರು ಯಾರೋ. ವಿಷಾದ ಮಾತ್ರ ಇವರ ಪಾಲಿನದು, ಅದೂ ಸಂಬಳದೊಳಗೇ ಸೇರಿದ್ದು.

“ಅಲ್ಲೇ ಎಲ್ಲಾ ಖರ್ಚು ಮಾಡಿ ಬರ್ತಿದ್ರು, ಮನೆಗೆ ಅಂತ ಒಂಚೂರೂ ಉಳೀತಿರ್ಲಿಲ್ಲ” ಎಂದು ಅವರ ಹೆಂಡತಿ ಹೇಳುವುದುಂಟು.

ಗೂಡಿನಿಂದ ಹೊರಬಂದ ಮೇಲೂ ಅಲ್ಲಿಯ ವ್ಯಾಕರಣ ಅವರನ್ನು ಬಿಡಲಿಲ್ಲ. ಅವರ ಮಾತಿನಲ್ಲಿ ಕೆಲಸಗಳೆಲ್ಲ ತಮ್ಮಷ್ಟಕ್ಕೆ ತಾವೇ ಆಗಿಬಿಡುತ್ತಿದ್ದವು; ಮಾಡಿದವರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಲೋಟ ಕೈಜಾರಿ ಬಿದ್ದರೆ, “ಲೋಟ ಒಡೆದಿರುವುದು ಕಂಡುಬಂದಿದೆ” ಎನ್ನುತ್ತಿದ್ದರು. ಹಾಲು ತರುವುದು ಮರೆತರೆ, “ಇಂದು ಹಾಲಿನ ಸೌಲಭ್ಯ ಇರುವುದಿಲ್ಲ.”

ಇಂಥ ಮೈಕ್ ಮಾಮ ಹಿರಿಯರ ಹಗಲು ಕೇಂದ್ರಕ್ಕೆ ಸೇರಿ, ಕಾಗದದ ಹೂ ಮಾಡುವ ಕಷ್ಟಕ್ಕೆ ಸಿಕ್ಕಿಕೊಂಡರು.

ಕೇಂದ್ರದ ಮೇಡಂ ಚಿಕ್ಕ ವಯಸ್ಸಿನವರು, ಉತ್ಸಾಹದ ಬುಗ್ಗೆ. ವಸಂತಕ್ಕೆ ಒಂದು ಪ್ರದರ್ಶನ ಮಾಡೋಣ, ಎಲ್ಲರೂ ಚೆರ್ರಿ ಹೂವಿನ ಕೊಂಬೆ ತಯಾರಿಸೋಣ ಎಂದರು. ತೆಳುವಾದ ಗುಲಾಬಿ ಕಾಗದವನ್ನು ಚೌಕವಾಗಿ ಕತ್ತರಿಸಿ, ಮಡಚಿ, ಅಂಚನ್ನು ದುಂಡಗೆ ಮಾಡಿದರೆ ಐದು ಎಸಳು. ನಡುವೆ ಪೆನ್ಸಿಲಿನ ಹಿಂಭಾಗದಿಂದ ಒತ್ತಿ, ಬುಡ ತಿರುಚಿ, ಒಂದು ಹನಿ ಅಂಟು ಹಚ್ಚಿ ಒಣ ಕೊಂಬೆಗೆ ಕೂರಿಸಿದರಾಯಿತು. “ಬೆರಳಿಗೆ ವ್ಯಾಯಾಮ, ಕಣ್ಣಿಗೆ ಹಬ್ಬ” ಎಂದು ಮೇಡಂ ಚಪ್ಪಾಳೆ ತಟ್ಟಿದರು.

ಮೈಕ್ ಮಾಮನ ಬೆರಳು ಜೀವನವಿಡೀ ಒಂದೇ ಒಂದು ಗುಂಡಿ ಒತ್ತಿದ ಬೆರಳು. ಅದಕ್ಕೆ ಮಡಚುವುದು ಗೊತ್ತಿಲ್ಲ, ತಿರುಚುವುದು ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಟೈಲರಜ್ಜನ ಮುಂದೆ ಹೂಗಳ ರಾಶಿಯೇ ಬಿದ್ದಿತ್ತು. ಮಾಮನ ಮುಂದೆ ಮೂರು ಮುದ್ದೆ. ಟೈಲರಜ್ಜ ಕನ್ನಡಕ ಕೆಳಗಿಳಿಸಿ ಅವನ್ನು ನೋಡಿ, ತುಂಬ ಕಾಳಜಿಯಿಂದ ಕೇಳಿದ: “ಯಾಕೆ ಮಾಮ, ನೆಗಡೀನಾ?”

ಇಡೀ ಮೇಜು ನಕ್ಕಿತು. ಮೇಡಂ ನಗಲಿಲ್ಲ, ನಗಬಾರದೆಂದು ತುಟಿ ಕಚ್ಚಿಕೊಂಡರು. ಮಾಮನಿಗೆ ಅದು ಇನ್ನೂ ಹೆಚ್ಚು ಚುಚ್ಚಿತು. ಕಿವಿ ಬಿಸಿಯಾಯಿತು. ಇದೇ ಹೊತ್ತಿಗೆ ಮೇಡಂ ಮಾತು ಬದಲಿಸಲು, “ಎಲ್ಲರಿಗೂ ಒಣ ಕೊಂಬೆ ಬೇಕು, ಯಾರಾದ್ರೂ ತರ್ತೀರಾ?” ಎಂದರು.

“ಕೊಂಬೆಗಳ ವ್ಯವಸ್ಥೆ ಮಾಡಲಾಗುವುದು” ಎಂಬ ಗಂಭೀರ ಧ್ವನಿ ಕೇಳಿಸಿತು. ಮಾಮನೂ ತಿರುಗಿ ನೋಡಿದರು. ಧ್ವನಿ ಅವರದೇ.

“ಎಲ್ಲಿಂದ ಮಾಮ?”

“ನಮ್ಮ ತೋಟದಲ್ಲಿ ಬೇಕಾದಷ್ಟಿದೆ.”

ಮಾಮನ ತೋಟವೆಂದರೆ ಬಾಲ್ಕನಿಯ ಎರಡು ಕುಂಡ. ಒಂದರಲ್ಲಿ ಮಣ್ಣಿತ್ತು. ಇನ್ನೊಂದರಲ್ಲಿ ಹಳೆಯ ಚಪ್ಪಲಿಗಳಿದ್ದವು.

ಆದರೆ ಬಾಲ್ಕನಿಗೆ ನೇರವಾಗಿ, ರಸ್ತೆಯ ಆಚೆ ಬದಿಯಲ್ಲಿ, ನರ್ಸಕ್ಕನ ಮನೆ ಮುಂದೆ ಒಂದು ಮರವಿತ್ತು. ನರ್ಸಕ್ಕ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು, ಒಂಟಿ ಜೀವ. ಮರದಲ್ಲಿ ಒಂದು ಎಲೆಯಿಲ್ಲ, ಹೂವಿಲ್ಲ. ಚಳಿಗಾಲವಿಡೀ ಬೋಳಾಗಿ ನಿಂತಿತ್ತು. ಹುಟ್ಟಿದಾಗಿನಿಂದ ಸಿಮೆಂಟು, ಡಾಂಬರು ನೋಡಿ ಬೆಳೆದ ಮಾಮ, ಅದು ಸತ್ತು ಬಹಳ ಕಾಲವಾಗಿದೆ, ಪಾಪ ನರ್ಸಕ್ಕನಿಗೆ ಯಾರೂ ಹೇಳಿಲ್ಲ ಎಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಅವರು ರಸ್ತೆ ದಾಟಿದಾಗ ನರ್ಸಕ್ಕ ಅಣ್ಣನ ಊರಿಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಮಾಮನ ಕೈಯಲ್ಲಿ ಫೋನಿತ್ತು. ಮೇಡಂ ಕಳಿಸಿದ ಮಾದರಿ ಕೊಂಬೆಯ ಚಿತ್ರವನ್ನು ತೋರಿಸಬೇಕೆಂದು ಅದನ್ನು ಮುಂದಕ್ಕೆ ಹಿಡಿದುಕೊಂಡೇ ಕೇಳಿದರು:

“ಅಕ್ಕಾ, ನಿಮ್ಮ ಮರದ್ದು ಒಂದು ತೆಗೀಲಾ?”

ನರ್ಸಕ್ಕನ ಮುಖ ಅರಳಿತು. “ಅಯ್ಯೋ, ಈಗ್ಲೇನಾ? ತಾಳಿ ಮೈಕಣ್ಣ, ತಲೆ ಬಾಚ್ಕೊಂಡು ಬರ್ತೀನಿ.”

ಕೊಂಬೆ ತೆಗೆಯುವುದಕ್ಕೆ ತಲೆ ಏಕೆ ಬಾಚಬೇಕೆಂದು ಮಾಮನಿಗೆ ತಿಳಿಯಲಿಲ್ಲ. ಹೆಂಗಸರ ವಿಷಯ ಎಂದು ಸುಮ್ಮನಾದರು. ನರ್ಸಕ್ಕ ಬಂದು ಮರದ ಪಕ್ಕ ನಿಂತು, ಕಾಂಡದ ಮೇಲೆ ಒಂದು ಕೈಯಿಟ್ಟು, ಮುಗುಳ್ನಕ್ಕರು. ಮಾಮನೂ ಮುಗುಳ್ನಕ್ಕರು. ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ನೋಡುತ್ತಾ ಸ್ವಲ್ಪ ಹೊತ್ತು ನಿಂತರು.

“ಅಕ್ಕಾ, ನೀವು ಸ್ವಲ್ಪ ಪಕ್ಕಕ್ಕೆ ಬಂದ್ರೆ ಒಳ್ಳೇದಿತ್ತು.”

“ಓ… ಮರ ಮಾತ್ರ ಬೇಕಾ?” ನರ್ಸಕ್ಕನ ನಗು ತುಸು ಬಾಡಿತು.

“ಹೂಂ ಅಕ್ಕಾ. ಬರೀ ಕೊಂಬೆ.”

“ಹಾಗಾದ್ರೆ ನಾನಿರಲೇಬೇಕು ಅಂತೇನಿಲ್ಲ. ನಿಧಾನವಾಗಿ, ಬೇಕಾದಷ್ಟು ತೆಗೀರಿ. ಬೆಳಕು ಚೆನ್ನಾಗಿರೋವಾಗ ತೆಗೀರಿ.”

“ಬೆಳಕಿಲ್ದೆ ಹೇಗಾಗುತ್ತೆ? ಕೈಗೇ ಬಿದ್ರೆ ಏನು ಗತಿ?”

ನರ್ಸಕ್ಕ ಫೋನು ಕೈಗೆ ಬೀಳುವುದೆಂದರೇನು ಎಂದು ಯೋಚಿಸುವಷ್ಟರಲ್ಲಿ ಟ್ಯಾಕ್ಸಿ ಬಂತು. ಹತ್ತುತ್ತಾ ಹೇಳಿದರು: “ನನಗೂ ಒಂದು ಕಳಿಸಿ ಮೈಕಣ್ಣ. ನಾನು ವಾಪಸ್ ಬರೋಷ್ಟರಲ್ಲಿ ಇದರ ರೂಪಾನೇ ಬದಲಾಗಿರುತ್ತೆ, ನೋಡ್ತಿರಿ!”

“ಆಗುತ್ತಕ್ಕಾ, ಖಂಡಿತ ಆಗುತ್ತೆ” ಎಂದು ಮಾಮ ಭರವಸೆ ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಅಂದೇ ಬೆಳಕು ಚೆನ್ನಾಗಿರುವಾಗ, ರಸ್ತೆಯವರೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಏಣಿ, ಗರಗಸ ತಂದು, ಬೇಕಾದಷ್ಟು ತೆಗೆದರು. ಕೇಂದ್ರದಲ್ಲಿ ಪ್ರತಿಯೊಬ್ಬರಿಗೂ ಒಂದು ಬೇಕಿತ್ತು. ಮುರಿದರೆ ಇರಲಿ ಎಂದು ಇನ್ನಷ್ಟು. ಅವರು ಏಣಿ ಇಳಿದಾಗ ಮರವಿದ್ದ ಜಾಗದಲ್ಲಿ ಒಂದು ಕಂಬ ನಿಂತಿತ್ತು. ಸಂಜೆ ಬಾಲ್ಕನಿಗೆ ಬಂದ ಹೆಂಡತಿ ಅದನ್ನು ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡರು.

“ರೀ, ಅಕ್ಕ ನಿಜವಾಗ್ಲೂ ತೆಗೀರಿ ಅಂದ್ರಾ?”

“ಬೇಕಾದಷ್ಟು ತೆಗೀರಿ ಅಂದ್ರು. ತಮಗೂ ಒಂದು ಕಳಿಸಿ ಅಂದ್ರು.” ನರ್ಸಕ್ಕನ ಪಾಲಿನ ಕೊಂಬೆಯನ್ನು ಮಾಮ ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದರು. ಅಂಚೆಯಲ್ಲಿ ಕಳಿಸಲು ಬಲು ಉದ್ದವಾಗಿತ್ತು.

ಹಗಲು ಕೇಂದ್ರದಲ್ಲಿ ಮಾಮನ ನಸೀಬು ಬದಲಾಯಿತು. ಅಷ್ಟು ನೀಟಾದ ಕೊಂಬೆಗಳನ್ನು ಯಾರೂ ನೋಡಿರಲಿಲ್ಲ. “ನಮ್ಮ ತೋಟದ ಮಾಮ” ಎಂದು ಮೇಡಂ ಎಲ್ಲರಿಗೂ ಪರಿಚಯಿಸತೊಡಗಿದರು. ಟೈಲರಜ್ಜ ಕೂಡ, “ಹೂವು ಮಾಡೋಕೆ ಬರ್ದಿದ್ರೂ ಹೂವಿಗೆ ಜಾಗ ಮಾಡ್ಕೊಟ್ರಿ” ಎಂದು ಒಪ್ಪಿಕೊಂಡ. ಒಂದೇ ತೊಂದರೆ. ಕೊಂಬೆಗಳನ್ನು ನಿಲ್ಲಿಸಿದ್ದ ಗಾಜಿನ ಬಾಟಲಿಗಳು ಹಗುರವಾಗಿದ್ದವು, ಯಾರಾದರೂ ಕೆಮ್ಮಿದರೂ ಉರುಳುತ್ತಿದ್ದವು. ಅದಕ್ಕೂ ಮಾಮನೇ ಉಪಾಯ ಹೇಳಿದರು: “ಬಾಟಲಿಗಳಿಗೆ ನೀರು ತುಂಬಲಾಗುವುದು. ತೂಕಕ್ಕೆ.” ದಿನವೂ ಬಂದು, ಆರಿದಷ್ಟು ನೀರನ್ನು ತಾವೇ ಕೈಯಾರೆ ತುಂಬಿದರು. ಕೋಣೆ ಬೆಚ್ಚಗಿತ್ತು. ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ತಮ್ಮ ಮಾನ ಕಳೆಯುವುದಕ್ಕೆ ಇಷ್ಟು ಶ್ರದ್ಧೆಯಿಂದ ನೀರೆರೆದವರು ವಿರಳ.

ನರ್ಸಕ್ಕ ಊರಿಂದ ಬಂದ ದಿನ ರಸ್ತೆಯಲ್ಲಿ ಒಂದು ಕೂಗು ಎದ್ದಿತು. ಮಾಮ ಬಾಲ್ಕನಿಗೆ ಬಂದು ನೋಡಿದರೆ, ನರ್ಸಕ್ಕ ಪೆಟ್ಟಿಗೆಯನ್ನು ರಸ್ತೆಯಲ್ಲೇ ಬಿಟ್ಟು ಕಂಬದ ಮುಂದೆ ನಿಂತಿದ್ದಾರೆ. ಅಕ್ಕಪಕ್ಕದವರು ನೆರೆದಿದ್ದಾರೆ.

“ನಮ್ಮ ಯಜಮಾನ್ರು ತೀರಿಕೊಂಡ ವರ್ಷ ನಾನು ನೆಟ್ಟ ಗಿಡ ಇದು. ಈ ವರ್ಷ ಮೊದಲನೇ ಸಲ ಮೊಗ್ಗು ಕಟ್ಟಿತ್ತು. ಅರಳೋದನ್ನ ನೋಡೋಕೆ ಅಂತ್ಲೇ ಓಡಿ ಬಂದೆ. ಯಾವ ಪಾಪಿ ಕೈಯಿಟ್ಟ?”

“ಇನ್ಯಾರು? ಆ ಲೈನ್‌ಮ್ಯಾನು” ಎಂದರು ಮೂಲೆಮನೆಯವರು. “ತಂತಿಗೆ ತಗುಲುತ್ತೆ ಅಂತ ಸಿಕ್ಕಸಿಕ್ಕಿದ್ದನ್ನೆಲ್ಲ ಕಡೀತಾನೆ. ಹೋದ ತಿಂಗಳು ನಮ್ಮ ಬಳ್ಳೀನೂ ಕಡಿದ.”

ಆ ಮರದ ಮೇಲೆ ತಂತಿಯೇ ಇರಲಿಲ್ಲ. ಆದರೆ ಕೋಪ ಬಂದಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಾಮ ಮೆಲ್ಲಗೆ ಹಿಂದೆ ಸರಿದು ಒಳಗೆ ಬಂದರು. ಸತ್ತ ಮರಕ್ಕೆ ಮೊಗ್ಗು ಎಲ್ಲಿಂದ ಬಂತೆಂದು ಬಾಗಿಲ ಹಿಂದಿನ ಕೊಂಬೆಯನ್ನು ಇಣುಕಿ ನೋಡಿದರು. ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ, ನರ್ಸಕ್ಕನೇ ಬಂದರು. ಮಾಮ ಬಾಗಿಲನ್ನು ಪೂರ್ತಿ ತೆರೆದು, ಹಿಂದಿನ ಕೊಂಬೆ ಕಾಣದಂತೆ ಅದಕ್ಕೆ ಬೆನ್ನು ಒತ್ತಿ ನಿಂತರು.

“ಮೈಕಣ್ಣ, ನೀವೊಬ್ರೇ ಈಗ ನನಗೆ ದಿಕ್ಕು. ಅವತ್ತು ಫೋಟೋ ತೆಗೆದ್ರಲ್ಲ, ಅದನ್ನ ಕೊಡಿ.”

“ಫೋಟೋ?”

“ಅದೇ ಕಣಣ್ಣ, ಒಂದು ತೆಗೀಲಾ ಅಂತ ಫೋನ್ ಹಿಡ್ಕೊಂಡು ಬಂದ್ರಲ್ಲ. ಬೇಕಾದಷ್ಟು ತೆಗೀರಿ ಅಂದಿದ್ದೆ. ಮರ ಮೊದಲು ಹೇಗಿತ್ತು ಅಂತ ಸಾಕ್ಷಿ ಬೇಕು. ವಿದ್ಯುತ್ ಕಚೇರಿಗೆ ಹೋಗ್ತೀನಿ.”

ಮಾಮನಿಗೆ ಆ ಕ್ಷಣದಲ್ಲಿ ಎಲ್ಲವೂ ತಿಳಿಯಿತು: ಬಾಚಿದ ತಲೆ, ಬಾಡಿದ ನಗು, ಬೆಳಕು. ‘ತೆಗೆ’ ಎಂಬ ಪುಟ್ಟ ಪದ ಹಲ್ಲು ಕಿರಿದು ಎದುರಿಗೆ ನಿಂತಿತು. ಆಗಲೇ ನಿಜ ಹೇಳಿದ್ದರೆ ಅದು ಬರೀ ತಪ್ಪಾಗಿರುತ್ತಿತ್ತು. ಅವರು ಹೇಳಿದ್ದು ಬೇರೆ.

“ಫೋನನ್ನು… ರಿಪೇರಿಗೆ ಕೊಡಲಾಗಿದೆ.”

ಮಾಮನ ಜೇಬಿನಲ್ಲಿ ಫೋನು ರಿಂಗಾಯಿತು. ಬಲು ಜೋರಾಗಿ, ಬಲು ಹೊತ್ತು. ಮಾಮ ಕದಲಲಿಲ್ಲ. ನರ್ಸಕ್ಕ ಜೇಬನ್ನು ನೋಡಿದರು, ಮಾಮನ ಮುಖ ನೋಡಿದರು.

“ಇದು ಬೇರೆ ಫೋನು” ಎಂದರು ಮಾಮ.

ಅಡುಗೆಮನೆಯಿಂದ ಹೆಂಡತಿ ಫೋನು ಕಿವಿಗೆ ಹಿಡಿದೇ ಹೊರಬಂದರು. “ಹಾಲು ತರ್ತೀರಾ ಅಂತ ಕೇಳೋಕೆ ಮಾಡಿದೆ. ಮನೇಲೇ ಇದೀರಾ?” ಎಂದವರು, ನರ್ಸಕ್ಕನನ್ನೂ ಗಂಡನ ಬಣ್ಣಗೆಟ್ಟ ಮುಖವನ್ನೂ ನೋಡಿ ಫೋನು ಕೆಳಗಿಳಿಸಿದರು. ನರ್ಸಕ್ಕ ಹೋದ ಮೇಲೆ ಬಾಗಿಲ ಹಿಂದಿನ ಕೊಂಬೆಯನ್ನು ತೆಗೆದು, ಪತ್ರಿಕೆ ಬಿಚ್ಚಿ, ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿದರು. ಆ ಬಕೆಟ್ಟು ಸ್ನಾನದ ಮನೆಯಲ್ಲಿತ್ತು. ಮಾಮ ದಿನವೂ ಅದರೆದುರು ನಿಂತೇ ಹಲ್ಲುಜ್ಜಬೇಕಾಗಿತ್ತು.

ಎರಡು ದಿನ ಬಿಟ್ಟು ಲೈನ್‌ಮ್ಯಾನ್ ಬಂದ. ಕೈಯಲ್ಲಿ ಉಪಕರಣದ ಚೀಲವಿಲ್ಲದೆ ಅವನು ಅರ್ಧ ಮನುಷ್ಯನಂತೆ ಕಂಡ.

“ಮಾಮ, ವಿಚಾರಣೆ ಮುಗಿಯೋವರೆಗೂ ಕೆಲಸಕ್ಕೆ ಬರಬೇಡ ಅಂದ್ಬಿಟ್ರು ಸಾಹೇಬ್ರು. ಆ ಮರದ ಹತ್ರ ನಾನು ಏಣೀನೇ ಇಟ್ಟಿಲ್ಲ. ನೀವು ದಿನಾ ಬಾಲ್ಕನೀಲಿ ಕೂತಿರ್ತೀರಿ. ಇವನಲ್ಲ ಅಂತ ಒಂದು ಮಾತು ಹೇಳಿ ಸಾಕು. ನಿಮ್ಮ ಧ್ವನಿ ಕೇಳಿದ್ರೆ ಎಲ್ಲರೂ ನಂಬ್ತಾರೆ. ನಾವೆಲ್ಲ ನೀವು ಹೇಳಿದ ಬಸ್ಸೇ ಹತ್ತಿ ಬೆಳೆದೋರು.”

ಮಾಮ ಬಾಯಿ ತೆರೆದರು. ಹೊರಬಂದದ್ದು ಹಳೆಯ ಧ್ವನಿಯೇ, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ:

“ಈ ಬಗ್ಗೆ ಸದ್ಯಕ್ಕೆ ಮಾಹಿತಿ ಲಭ್ಯವಿಲ್ಲ.”

ಲೈನ್‌ಮ್ಯಾನ್, “ಆಯ್ತು ಮಾಮ, ತೊಂದರೆ ಕೊಟ್ಟೆ” ಎಂದು ತಾನೇ ಕ್ಷಮೆ ಕೇಳಿಕೊಂಡು ಮೆಟ್ಟಿಲಿಳಿದ. ಆ ರಾತ್ರಿ ಹೆಂಡತಿ ಊಟ ಬಡಿಸಿ ಹೇಳಿದ್ದು ಇಷ್ಟೇ: “ಊಟ ನೀಡಲಾಗಿದೆ.”

ಪ್ರದರ್ಶನದ ದಿನ ಬಂತು. ಮುಖ್ಯ ಅತಿಥಿಯಾಗಿ ನಗರದ ಉದ್ಯಾನ ಇಲಾಖೆಯ ಅಧಿಕಾರಿ ಬರುವವರಿದ್ದರು. ಮಾಮ ಜ್ವರವೆಂದು ಹೊದ್ದು ಮಲಗಿದರು. ಹೆಂಡತಿ ಹಣೆ ಮುಟ್ಟಿ ನೋಡಿ, “ಜ್ವರ ರದ್ದಾಗಿದೆ, ಏಳಿ” ಎಂದರು. ಅಷ್ಟೇ ಅಲ್ಲ, ಮನಸ್ಸಿಗೆ ಬೇಜಾರಾಗಿದೆ, ಬನ್ನಿ ಅಕ್ಕ ಎಂದು ನರ್ಸಕ್ಕನನ್ನೂ ಜೊತೆಗೆ ಕರೆದುಕೊಂಡರು. ದಾರಿಯಲ್ಲಿ ಲೈನ್‌ಮ್ಯಾನ್ ಸಿಕ್ಕ. ಸಿಕ್ಕನೋ, ಹೇಳಿ ಕರೆಸಿದ್ದರೋ ಮಾಮನಿಗೆ ತಿಳಿಯಲಿಲ್ಲ.

ಕೇಂದ್ರದ ಬಾಗಿಲಲ್ಲೇ ಮೇಡಂ ಓಡಿಬಂದು ಮಾಮನ ಕೈ ಹಿಡಿದುಕೊಂಡರು. “ಬನ್ನಿ ಮಾಮ, ಪವಾಡ ನೋಡಿ! ನಿನ್ನೆ ಬೀಗ ಹಾಕಿಕೊಂಡು ಹೋಗೋವಾಗ ಇಷ್ಟಿರ್ಲಿಲ್ಲ!”

ಕಿಟಕಿಯ ಪಕ್ಕದ ಮೇಜಿನ ಮೇಲೆ ಬಾಟಲಿಗಳು ಸಾಲಾಗಿದ್ದವು. ಟೈಲರಜ್ಜನ ಅಚ್ಚುಕಟ್ಟಾದ ಕಾಗದದ ಹೂಗಳ ನಡುವೆ, ಮಾಮನ ನೆಗಡಿ ಮುದ್ದೆಗಳ ನಡುವೆ, ಕೊಂಬೆಯ ತೊಗಟೆ ಸೀಳಿಕೊಂಡು ಬೇರೆ ಹೂಗಳು ಬಂದಿದ್ದವು. ತೆಳ್ಳಗೆ, ತಿಳಿಗುಲಾಬಿ, ಗೊಂಚಲು ಗೊಂಚಲು. ಹಿರಿಯರೆಲ್ಲ ಮೇಜಿನ ಸುತ್ತ ನಿಂತು ಜಗಳವಾಡುತ್ತಿದ್ದರು.

“ಇದು ನಾನು ಮಾಡಿದ್ದು.”

“ನಿನ್ನ ಮುಖ. ಇದು ನಾನು ಮಡಚಿದ್ದು.”

“ಹಾಗಾದ್ರೆ ಪರಿಮಳ ಯಾರು ಹಾಕಿದ್ದು?”

ಅಧಿಕಾರಿ ಬಾಗಿ ಒಂದು ಎಸಳನ್ನು ಚಿವುಟಿದರು. ಬೆರಳು ಒದ್ದೆಯಾಯಿತು. ಕಿಟಕಿಯಿಂದ ಒಂದು ಜೇನುನೊಣ ಬಂದು, ಟೈಲರಜ್ಜನ ಅತ್ಯುತ್ತಮ ಹೂವಿನ ಮೇಲೆ ಕೂತು, ಮೋಸಹೋದೆನೆಂದು ತಿಳಿದು, ಪಕ್ಕದ ನಿಜದ ಹೂವಿಗೆ ಹಾರಿತು.

“ಇವು ಒಣ ಕೊಂಬೆಗಳಲ್ಲ. ಜೀವಂತ ಮರದ್ದು, ಮೊಗ್ಗು ಬಂದಾಗ ಕಡಿದಿದ್ದು” ಎಂದರು ಅಧಿಕಾರಿ. “ಎಲ್ಲಿಂದ ತಂದ್ರಿ?”

“ನಮ್ಮ ಮಾಮನ ತೋಟದಿಂದ ಸರ್!” ಮೇಡಂ ಹೆಮ್ಮೆಯಿಂದ ಮಾಮನನ್ನು ಮುಂದಕ್ಕೆ ತಳ್ಳಿದರು.

“ಇವರ ತೋಟಾನಾ?” ಹಿಂದಿನಿಂದ ನರ್ಸಕ್ಕನ ಧ್ವನಿ. “ಎದುರುಮನೆಯೋಳು ನಾನು, ದಿನಾ ನೋಡ್ತೀನಿ. ಎರಡು ಕುಂಡ ಇದೆ, ಒಂದ್ರಲ್ಲಿ ಚಪ್ಪಲಿ ಬೆಳೆದಿದೆ.”

ಯಾರೋ ನಕ್ಕರು. ನರ್ಸಕ್ಕ ನಗಲಿಲ್ಲ. ಅವರು ಮೇಜಿನ ಹತ್ತಿರ ಬಂದು ಹೂಗಳನ್ನು ನೋಡುತ್ತಾ ನಿಂತರು. ನೋಡುತ್ತಾ ನೋಡುತ್ತಾ ಅವರ ಕೈ ಕೊಂಬೆಯೊಂದರ ಮೇಲೆ ಹೋಗಿ ಕೂತಿತು, ಅಂದು ಕಾಂಡದ ಮೇಲೆ ಕೂತ ಹಾಗೆಯೇ. ಹಿರಿಯರು ಜಗಳ ಬಿಟ್ಟು ಅವರನ್ನೇ ನೋಡಿದರು. ಜೇನುನೊಣ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ.

ಮೇಡಂ ಏನೂ ಅರ್ಥವಾಗದೆ, ಭಾಷಣಕ್ಕೆಂದು ಇಟ್ಟಿದ್ದ ಮೈಕನ್ನು ಮಾಮನ ಕೈಗೆ ಕೊಟ್ಟರು. “ಮಾಮ, ನೀವೇ ಹೇಳಿಬಿಡಿ.”

ಮೈಕು ಕೈಗೆ ಬಂದದ್ದೇ ಮಾಮನ ಬೆನ್ನು ತಾನಾಗಿ ನೆಟ್ಟಗಾಯಿತು. ಕೈ ತಾನಾಗಿ ಗುಂಡಿ ಒತ್ತಿತು.

“ಎಲ್ಲರ ಗಮನಕ್ಕೆ. ಎದುರುಮನೆಯ ಮರದ ಕೊಂಬೆಗಳನ್ನು ಕಣ್ತಪ್ಪಿನಿಂದ ಕತ್ತರಿಸಲಾಗಿದೆ. ಉಂಟಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ.”

ಧ್ವನಿ ಗೋಡೆಯಿಂದ ಗೋಡೆಗೆ ತೇಲಿತು. ಎಂಥ ಧ್ವನಿ! ಒಬ್ಬಿಬ್ಬರು ಹಿರಿಯರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಬಸ್ಸಿಗೆ ಎದ್ದರು.

“ಕತ್ತರಿಸಲಾಗಿದೆ ಅಂದ್ರೆ?” ನರ್ಸಕ್ಕ ತಿರುಗಿದರು. “ತಾನಾಗೇ ಕತ್ತರಿಸ್ಕೊಂಡು ಬಿತ್ತಾ?”

ಮಾಮ ಮೈಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. “ವಿಷಾದಿಸುತ್ತೇವೆ.”

“ಸುತ್ತೇವೆ ಅಂದ್ರೆ ಯಾರ್ಯಾರು?”

“ನನ್ನ ಸೇರಿಸ್ಬೇಡಿ” ಎಂದರು ಹೆಂಡತಿ.

“ನಾನೂ ಇಲ್ಲಪ್ಪ” ಎಂದ ಟೈಲರಜ್ಜ. “ನಂದು ಬರೀ ಕಾಗದ.”

ಮೇಡಂ ಎರಡು ಹೆಜ್ಜೆ ದೂರ ಸರಿದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಬಾಗಿಲ ಬಳಿ ಲೈನ್‌ಮ್ಯಾನ್ ಕೈಕಟ್ಟಿ ನಿಂತಿದ್ದ. ಅವನೊಬ್ಬ ಮಾತ್ರ ಮಾಮನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದ, ಅವಮಾನ ತನ್ನದೇ ಎನ್ನುವಂತೆ.

ಮಾಮ ಅವನನ್ನು ಕಂಡರು. ಅವರ ಹೆಬ್ಬೆರಳು ಗುಂಡಿ ಹುಡುಕಿ ಮೈಕು ಆರಿಸಿತು. ಮೈಕಿಲ್ಲದ ಅವರ ಧ್ವನಿ ಎಷ್ಟು ಸಣ್ಣದೆಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ.

“ನಾನೇ ಕಡಿದೆ ಅಕ್ಕಾ. ನೀವು ಫೋಟೋ ಅಂದ್ಕೊಂಡ್ರಿ, ನಾನು ಕೊಂಬೆ ಅಂದ್ಕೊಂಡೆ. ಅದು ತಪ್ಪು ತಿಳುವಳಿಕೆ, ಬಿಡಿ. ಆದ್ರೆ ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಇವನು ಮನೆ ಬಾಗಿಲಿಗೆ ಬಂದು ಕೇಳಿದ್ರೂ ಮುಚ್ಕೊಂಡಿದ್ದೆ. ವಿಷಾದಿಸು…” ಅಲ್ಲಿ ಸ್ವಲ್ಪ ತಡೆಯಿತು, “…ತ್ತೇನೆ.”

“ಕೇಳಿಸ್ಲಿಲ್ಲ” ಎಂದರು ಕಿವಿ ಮಂದವಾದ ಹಿರಿಯರೊಬ್ಬರು ಹಿಂದಿನ ಸಾಲಿನಿಂದ. ಮಾಮ ಮತ್ತೆ ಹೇಳಬೇಕಾಯಿತು. ಅವರಿಗೆ ಆಗಲೂ ಕೇಳಿಸಲಿಲ್ಲ. ಮೂರನೆಯ ಸಲವೂ ಹೇಳಿದರು.

ನರ್ಸಕ್ಕ, ಪರವಾಗಿಲ್ಲ ಬಿಡಿ ಮೈಕಣ್ಣ ಎನ್ನುತ್ತಾರೆಂದು ಎಲ್ಲರೂ ಕಾದರು. ಅವರು ಅನ್ನಲಿಲ್ಲ. ಬುಡ ಚೆನ್ನಾಗಿದ್ದರೆ ಮತ್ತೆ ಚಿಗುರುತ್ತದೆ, ಆದರೆ ಹೂವಿಗೆ ಕೆಲವು ವರ್ಷ ಕಾಯಬೇಕು ಎಂದು ಅಧಿಕಾರಿ ಸಮಾಧಾನ ಹೇಳಿದಾಗಲೂ ಸುಮ್ಮನಿದ್ದರು. ಮಾಮನನ್ನೂ ಲೈನ್‌ಮ್ಯಾನನನ್ನೂ ನೇರವಾಗಿ ವಿದ್ಯುತ್ ಕಚೇರಿಗೆ ಕರೆದುಕೊಂಡು ಹೋಗಿ, ಸಾಹೇಬರೆದುರು ಮಾಮನ ಬಾಯಲ್ಲಿ ಇನ್ನೊಮ್ಮೆ ‘ತ್ತೇನೆ’ ಹೇಳಿಸಿದ ಮೇಲೆ, ವಾಪಸು ಬರುವಾಗ ಒಂದೇ ಮಾತು ಆಡಿದರು:

“ನನ್ನ ಮರ ಈ ವರ್ಷ ಹೂ ಬಿಡ್ಬೇಕಿತ್ತು. ಬಿಡಿಸಿ.”

ಹಾಗಾಗಿ ಈಗ ಮೈಕ್ ಮಾಮ ದಿನವೂ ಬೆಳಿಗ್ಗೆ, ಇಡೀ ರಸ್ತೆಗೆ ಕಾಣುವಂತೆ, ಏಣಿಯ ಮೇಲೆ ಕೂತು ಆ ಕಂಬಕ್ಕೆ ಕಾಗದದ ಹೂ ಅಂಟಿಸುತ್ತಾರೆ. ಹೂಗಳನ್ನು ಅವರೇ ಮಾಡಬೇಕು. ಟೈಲರಜ್ಜನ ನೆರವು ಕೂಡದೆಂದು ನರ್ಸಕ್ಕನ ಕಟ್ಟಪ್ಪಣೆ. ಹಾದುಹೋಗುವವರು, “ಮರಕ್ಕೂ ನೆಗಡೀನಾ?” ಎನ್ನುತ್ತಾರೆ. ಮಾಮ ತಲೆಯೆತ್ತುವುದಿಲ್ಲ. ಸ್ನಾನದ ಮನೆಯ ಬಕೆಟ್ಟಿನಲ್ಲಿ ಅರಳಿದ್ದ ಕೊಂಬೆಯನ್ನು ಹೆಂಡತಿ ತಾವೇ ಹೋಗಿ ನರ್ಸಕ್ಕನಿಗೆ ಕೊಟ್ಟುಬಂದರು. ಅದು ಈಗ ಅವರ ಕಿಟಕಿಯಲ್ಲಿದೆ, ಮಾಮನಿಗೆ ಏಣಿಯಿಂದ ನೇರವಾಗಿ ಕಾಣುವಂತೆ.

ಹೂ ಅಂಟಿಸುವುದು ಮುಗಿದ ದಿನ ಲೈನ್‌ಮ್ಯಾನ್ ಹೆಗಲಿಗೆ ಚೀಲ ಹಾಕಿಕೊಂಡು ಆ ದಾರಿಯಲ್ಲಿ ಬಂದ. ಕಂಬದ ಮೈತುಂಬ ಗುಲಾಬಿ ಮುದ್ದೆಗಳು. ಅವನು ನಿಂತು ಮೇಲಿಂದ ಕೆಳಗೆ ನೋಡಿ, ಕೇಳಿದ:

“ಮಾಮ, ಒಂದು ತೆಗೀಲಾ?”

ಮಾಮ ಎರಡೂ ಕೈಯಿಂದ ಕಂಬವನ್ನು ತಬ್ಬಿಕೊಂಡರು. “ಏನನ್ನ ಅಂತ ಮೊದಲು ಹೇಳು!”

ಲೈನ್‌ಮ್ಯಾನ್ ಜೇಬಿನಿಂದ ಫೋನು ತೆಗೆದು ತೋರಿಸಿದ. ಮಾಮ ನಾಚಿ ಏಣಿ ಇಳಿದು, ಅಂಟಾದ ಕೈಗಳನ್ನು ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಸರಿದರು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸಕ್ಕ ಬಂದರು, ತಲೆ ಬಾಚಿಕೊಂಡು. ಕಾಂಡದ ಮೇಲೆ ಕೈಯಿಟ್ಟು ನಿಂತರು. ಮುಗುಳ್ನಗಲಿಲ್ಲ. ಮಾಮ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಕಂಡು ಹೇಳಿದರು:

“ಎಲ್ಲಿಗೆ ಹೊರಟ್ರಿ? ನಿಲ್ಲಿ ಇಲ್ಲಿ. ಸಾಕ್ಷಿ ಇರ್ಲಿ.”